ಬೀಗರು ಕೊಟ್ಟ ಛಾವಣಿ

ಮೊಮ್ಮಗಳು ತೊಡೆಯ ಮೇಲೆ ಮಲಗಿದ್ದಾಗ ನಾನು ಒಂದು ಛಾವಣಿಗೆ ಹೂಂ ಅಂದುಬಿಟ್ಟೆ. ಬುದ್ಧಿ ಎಚ್ಚರಾಗುವ ಮೊದಲೇ ಸಂತೋಷ ಬಾಯಿ ತೆರೆದಿತ್ತು. ಆ ಒಂದು ಹೂಂ ಹಿಂದಕ್ಕೆ ತೆಗೆದುಕೊಳ್ಳಲಾಗದೆ ಆ ಬೇಸಿಗೆಯಿಡೀ ಬೋನಿಗೆ ಬಿದ್ದ ಇಲಿಯ ಹಾಗೆ ದಹಿಸರ್‌ನಿಂದ ಘಾಟ್ಕೋಪರ್‌ಗೆ, ಘಾಟ್ಕೋಪರ್‌ನಿಂದ ದಹಿಸರ್‌ಗೆ ಸುತ್ತಿದೆ.

ಮೊದಲು ಕೂಸಿನ ಮಾತು ಹೇಳಿಬಿಡುತ್ತೇನೆ. ಅದನ್ನು ಹೇಳದೆ ಛಾವಣಿಯ ಮಾತಿಗೆ ನನ್ನ ನಾಲಗೆ ಹೊರಳುವುದಿಲ್ಲ. ಮಗನ ಮದುವೆಯಾಗಿ ಬಹಳ ವರ್ಷ ನಮ್ಮ ಮನೆಯಲ್ಲಿ ಕೂಸಿನ ಅಳು ಕೇಳಿರಲಿಲ್ಲ. ದವಾಖಾನೆ ಆಯಿತು, ದರ್ಗಾ ಆಯಿತು, ಚಾಳಿನವರ ಉಪದೇಶವಂತೂ ದಿನಾ ಆಗುತ್ತಿತ್ತು. ನಾವು ಗಂಡ ಹೆಂಡತಿ ಆ ಮಾತು ಎತ್ತುವುದನ್ನೇ ಬಿಟ್ಟಿದ್ದೆವು. ಆಗ ಬಂದಳು ಇವಳು. ಹುಟ್ಟಿದೊಡನೆ ಅವಳ ಕಿವಿಯಲ್ಲಿ ಬಾಂಗ್, ಅಂದರೆ ನಮಾಜಿನ ಕರೆ, ಹೇಳಿದವನು ನಾನೇ. ಹೇಳುತ್ತ ಹೇಳುತ್ತ ಅವಳ ಮುಖ ನೋಡಿ ನಡುವೆ ನಿಂತುಬಿಟ್ಟೆ. ಪಕ್ಕದಲ್ಲಿದ್ದ ನರ್ಸು, "ಚಾಚಾ, ಪೂರಾ ತೋ ಕರೋ," ಎಂದು ಪೂರ್ತಿ ಮಾಡಲು ಹೇಳಿದಳು. ಕೂಸನ್ನು ಎತ್ತಿಕೊಂಡರೆ, ಹಿಂಜಿದ ಹತ್ತಿಯನ್ನು ಬೊಗಸೆಯಲ್ಲಿ ಹಿಡಿದರೆ ಹೇಗೋ ಹಾಗೆ, ಭಾರವೇ ಇಲ್ಲ, ಕೈ ಮಾತ್ರ ತುಂಬಿಹೋಗಿದೆ. ಮೂಗು ನನ್ನ ಅವ್ವನದು. ಹೆಂಡತಿ ಒಪ್ಪುವುದಿಲ್ಲ, ತನ್ನ ತವರಿನದು ಅನ್ನುತ್ತಾಳೆ. ಅನ್ನಲಿ, ಮೂಗು ಕಂಡವರಿಗೆ ಗೊತ್ತಾಗುತ್ತದೆ.

ನಾವು ವಿಜಯಪುರದ ಕಡೆಯ ಪಿಂಜಾರರು. ಹತ್ತಿ ಹಿಂಜುವುದು, ಗಾದಿ ತುಂಬುವುದು, ರಜಾಯಿ ಹೊಲಿಯುವುದು ನಮ್ಮ ಕಸುಬು. ದಹಿಸರ್‌ನಲ್ಲಿ ನಮ್ಮದೊಂದು ಉದ್ದನೆಯ ಅಂಗಡಿ. ಮುಂದೆ ಗಾದಿಗಳ ಅಟ್ಟಿ, ಹಿಂದೆ ಹತ್ತಿ ಹಿಂಜುವ ಮಷೀನು, ಅದರ ಆಚೆಗೆ ಸೊಸೆಯ ಹೊಲಿಗೆ ಮಷೀನು. ಗಾದಿಯ ಖೋಳಗಳನ್ನು, ಅಂದರೆ ಹತ್ತಿ ತುಂಬುವ ದೊಡ್ಡ ಚೀಲಗಳನ್ನು, ಹೊಲಿಯುವವಳು ಅವಳೇ. ಅವಳ ಕೈಯಷ್ಟು ನೇರ ಹೊಲಿಗೆ ಈ ಭಾಗದಲ್ಲಿ ಯಾರದೂ ಇಲ್ಲ. ಮೇಲೆ ಹಳೆಯ ತಗಡು. ಮುಂಬೈಯಲ್ಲಿ ಅದಕ್ಕೆ ಪತ್ರಾ ಅನ್ನುತ್ತಾರೆ. ಆ ಪತ್ರಾ ತುಕ್ಕು ಹಿಡಿದು ಜರಡಿಯಾಗಿತ್ತು. ಮಳೆಗಾಲ ಬಂತೆಂದರೆ ಡಾಂಬರು ಬಳಿದು, ತಾಡಪತ್ರಿ ಹೊದಿಸಿ, ಗಾದಿಗಳನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸುತ್ತ ದಿನ ದೂಡುತ್ತಿದ್ದೆವು. ಬೇಸಿಗೆಯಲ್ಲಿ ಒಳಗೆ ರೊಟ್ಟಿ ಸುಡಬಹುದಿತ್ತು.

ಸೊಸೆ ಬಾಣಂತನಕ್ಕೆ ತವರಿಗೆ ಹೋದಳು. ತಿರುಗಿ ಬಂದ ಮೇಲೆ ಅವಳು ಮಷೀನಿಗೆ ಕೂರಲೇಬೇಕು, ಅಂದರೆ ಕೂಸು ಹಗಲಿಡೀ ಅಂಗಡಿಯಲ್ಲೇ. ತೊಟ್ಟಿಲು ಅವಳ ಮಷೀನಿನ ಪಕ್ಕಕ್ಕೇ ಬರಬೇಕು. ಇಷ್ಟು ವರ್ಷ ನಮಗೂ ಗಿರಾಕಿಗಳಿಗೂ ಸಾಲುತ್ತಿದ್ದ ಪತ್ರಾ ಈಗ ಸಾಲದಾಯಿತು. ಮಳೆಗೆ ಮೊದಲು ಹೊಸ ಛಾವಣಿ ಆಗಬೇಕು, ಆದ ಮೇಲೆ ತಾಯಿ ಮಗಳನ್ನು ಕರೆತರಬೇಕು ಎಂದು ತೀರ್ಮಾನವಾಯಿತು.

ಯಾವ ಛಾವಣಿ ಎಂಬುದನ್ನು ಮಗ ತಲೆಗೆ ಹಚ್ಚಿಕೊಂಡ. ಸ್ಲ್ಯಾಬು ಹಾಕಿಸೋಣ ಎಂದು ನನ್ನ ಆಸೆ. ಗೋಡೆ ತಡೆಯುವುದಿಲ್ಲ, ಮುನಸಿಪಾಲ್ಟಿಯ ಪರವಾನಗಿಯೂ ಸಿಗುವುದಿಲ್ಲ ಅಂದ. ಒಂಟಿ ಪತ್ರಾ ಹಾಕಿದರೆ ಮತ್ತೆ ಅದೇ ಬಾಣಲೆ. ಎರಡು ತಗಡಿನ ನಡುವೆ ಫೋಮ್ ತುಂಬಿದ ಪ್ಯಾನಲ್ ಬಂದಿವೆ, ತಂಪು ನಿಜ, ಆದರೆ ಫೋಮ್ ಬೆಂಕಿಗೆ ಹೆದರುತ್ತದೆ, ಕೆಳಗೆ ನಮ್ಮದು ಹತ್ತಿಯ ರಾಶಿ. ಕೊನೆಗೆ ಅವನ ಮನಸ್ಸು ನಿಂತದ್ದು ಜೋಡಿ ಪತ್ರಾದ ಮೇಲೆ. ಮೇಲೊಂದು ಬಣ್ಣದ ತಗಡು, ಒಂದು ಗೇಣು ಬಿಟ್ಟು ಕೆಳಗೊಂದು ತಗಡು, ನಡುವೆ ಗಾಳಿ ಹಾಯಲು ದಾರಿ, ನೆತ್ತಿಯಲ್ಲಿ ತಿರುಗುವ ಗಾಳಿಗೂಡು.

"ಅಪ್ಪಾ, ಇದೂ ಗಾದೀನ ಅಂತ ತಿಳ್ಕೊ. ಖೋಳ ತಗಡಿಂದು, ಒಳಗ ಹತ್ತಿ ಬದ್ಲಿ ಗಾಳಿ," ಅಂದ. ಹಾಗೆ ಹೇಳಿದಾಗ ನನಗೂ ತಿಳಿಯಿತು. ಕೆಲಸದವನಿಗೆ ಮಾತು ಕೊಡುವುದೊಂದು ಬಾಕಿ ಇತ್ತು.

ಅಷ್ಟರಲ್ಲಿ ತೊಟ್ಟಿಲ ಶಾಸ್ತ್ರ ಬಂತು.

ನಮ್ಮ ಬೀಗರು, ಅಂದರೆ ಸೊಸೆಯ ತಂದೆ, ಇರುವುದು ಘಾಟ್ಕೋಪರ್‌ನಲ್ಲಿ. ನಮ್ಮ ಕಡೆಯವರೇ. ಕೆಡವುವ ಕಟ್ಟಡಗಳ ಬಾಗಿಲು, ಕಿಟಕಿ, ತೊಲೆ, ಪತ್ರಾ ಕೊಂಡು ಮಾರುವ ಗುಜರಿ ವ್ಯಾಪಾರ, ಮುಂಬೈ ಮಾತಿನಲ್ಲಿ ಭಂಗಾರ. ದೊಡ್ಡ ಆಳು, ದೊಡ್ಡ ದನಿ. ನಕ್ಕರೆ ಮೊದಲು ಹೊಟ್ಟೆ ನಗುತ್ತದೆ, ಆಮೇಲೆ ಮುಖ, ನಗುವಿನ ಬಾಲಕ್ಕೆ ಯಾವಾಗಲೂ ಒಂದು ಕೆಮ್ಮು. ಮೊದಲ ಕೂಸಿಗೆ ತಾಯಿಯ ತವರಿನವರು ತೊಟ್ಟಿಲು ಕೊಡುವುದು ನಮ್ಮಲ್ಲಿ ರೂಢಿ. ಮನೆ ತುಂಬ ಮಂದಿ. ಬೀಗತಿ ಕೂಸನ್ನು ತಂದು ನನ್ನ ತೊಡೆಯ ಮೇಲೆ ಹಾಕಿದರು. ಅದು ಆಕಳಿಸಿತು. ಅಷ್ಟು ಸಣ್ಣ ಬಾಯಿಯಲ್ಲಿ ಅಷ್ಟು ದೊಡ್ಡ ಆಕಳಿಕೆ! ನಾನು ಲೋಕವನ್ನೇ ಮರೆತು ಅದನ್ನು ನೋಡುತ್ತ ಕುಳಿತಿದ್ದೆ. ಬೀಗರು ಎದ್ದು ನಿಂತರು.

"ತೊಟ್ಟಿಲ ಎಲ್ಲಾರೂ ಕೊಡ್ತಾರ," ಅಂದರು ಎಲ್ಲರಿಗೂ ಕೇಳುವಂತೆ. "ನಾನೂ ಕೊಡ್ತೀನಿ. ಆದರ ನಾ ತೊಟ್ಟಿಲದ ಮ್ಯಾಲಿನ ಮುಗಿಲೂ ಕೊಡ್ತೀನಿ. ಬೀಗರ ಅಂಗಡಿ ಪೂರಾ ಛತ್ತಿಗೆ ಸಿಮೆಂಟ್ ಪತ್ರಾ ನಂದು. ಪರೇಲದ ಗೋದಾಮಿಂದು, ಅಸಲಿ ಮಾಲು. ಈಗಿನ ಕಾಗದದಂಥಾ ಮಾಲಲ್ಲ. ಏನಂತೀರಿ ಬೀಗರ?"

ನಾನು ತಲೆ ಎತ್ತದೆಯೇ, "ಹೂಂ," ಅಂದೆ.

ಮಂದಿ ವಾಹ್ ವಾಹ್ ಅಂದರು. ಮಗ ನನ್ನ ಎದುರಿಗೆ ನಿಂತಿದ್ದ. ಅವನ ಮುಖ ನೋಡಿದ ಮೇಲೆ ನಾನು ಏನಂದೆ ಎಂಬುದು ನನಗೇ ಕೇಳಿಸಿತು.

ಇಲ್ಲೊಂದು ಮಾತು ಹೇಳಬೇಕು. ಕೂಸು ತೊಡೆಯ ಮೇಲಿರುವಾಗ ಯಾರೇ ಏನೇ ಕೊಟ್ಟರೂ 'ಒಲ್ಲೆ' ಅನ್ನಬಾರದೆಂದು ನಮ್ಮ ಮನೆತನದಲ್ಲಿ ಕಟ್ಟುನಿಟ್ಟು. ಕೂಸಿನ ಪಾಲು ಬಾಗಿಲು ದಾಟಿ ಹೋಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನಾವು ಹುಡುಗರು ತಂಗಿಯನ್ನು ಎತ್ತಿಕೊಂಡು ಹೋಗಿ ಕಾಕಾನ ತೊಡೆಯ ಮೇಲೆ ಕೂರಿಸಿ, "ಕಾಕಾ, ಈ ಸೊಪ್ಪಿನ ಹೊರಿ ನಿನಗ," ಎಂದು ನಮ್ಮ ಕೆಲಸವನ್ನು ಅವನಿಗೆ ಅಂಟಿಸಿ ಓಡುತ್ತಿದ್ದೆವು. ಅವನು ಬಯ್ಯುತ್ತ ಹೊರುತ್ತಿದ್ದ. ಬೀಗರ ಮನೆಯಲ್ಲೂ ಇದೇ ರೂಢಿ. ಹಾಗಾಗಿ ಆ ದಿನ ನಾನು ಹೂಂ ಅನ್ನದೆ ಇರಲು ದಾರಿಯೇ ಇರಲಿಲ್ಲ. ಅಂದ ಮೇಲೆ ಮುರಿಯುವ ದಾರಿಯಂತೂ ಇಲ್ಲವೇ ಇಲ್ಲ.

ತಿರುಗಿ ಬರುವಾಗ ಲೋಕಲ್‌ನಲ್ಲಿ ಮಗ ಬಾಯಿ ಬಿಟ್ಟ.

"ಅಪ್ಪಾ, ಇದ್ಯಾವ ಕಾಯ್ದಾ? ತೊಡಿ ಮ್ಯಾಲ ಕೂಸ ಇತ್ತಂದ್ರ ಸಹಿ ಬಿದ್ದಂಗೇನು?"

"ನಿನಗ ಗೊತ್ತಾಗೂದಿಲ್ಲ. ನೀ ಇಲ್ಲಿ ಹುಟ್ಟಿದಾಂವ."

"ಗೊತ್ತಾಗೂದು ನಿನಗ ಬೇಕು. ಹಳೇ ಸಿಮೆಂಟ್ ಪತ್ರಾದಾಗ ಸಣ್ಣ ಎಳಿ ಇರ್ತಾವ. ಸವದ ಪತ್ರಾ ಕೊರದ್ರ, ಒಡದ್ರ, ಅವು ಗಾಳ್ಯಾಗ ಬರ್ತಾವ. ಎದ್ಯಾಗ ಹೊಕ್ಕರ ಹೊರಗ ಬರಂಗಿಲ್ಲ. ಅದರ ಕೆಳಗ ತೊಟ್ಟಿಲ ಕಟ್ತೀಯೇನು?"

ಹೆಂಡತಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದಳು, "ಕೂಸ ಕೈಯಾಗ ಕೊಟ್ಟು ಯಾರಾದರೂ ಅಂಗಡೀನ ಬರಸ್ಕೊಂಡ್ರೂ ನಿಮ್ಮ ಅಪ್ಪ ತೊಗೊ ಅಂತಾರ. ಅವರನ್ನ ಏನ ಕೇಳ್ತಿ?"

ನನಗೆ ಮಗನ ಮಾತು ಪೂರ್ತಿ ನಂಬಿಕೆ ಬಂದಿರಲಿಲ್ಲ. ಅರ್ಧ ಮುಂಬೈ ಅದೇ ಪತ್ರಾದ ಕೆಳಗೆ ಮಲಗಿ ಏಳುತ್ತದೆ. ಅದು ಸುಡುವುದಿಲ್ಲ, ತಗಡಿನಷ್ಟು ಕಾಯುವುದಿಲ್ಲ, ಮಳೆಯ ಸದ್ದೂ ಕಡಿಮೆ. ಬೀಗರು ಸುಮ್ಮನೆ ಹೊಗಳಿರಲಿಲ್ಲ. ನಂಬಿಕೆ ಬಂದದ್ದು ಆ ವಾರ ಟೆಂಪೋ ಬಂದ ಮೇಲೆ. ಬೀಗರ ಆಳುಗಳು ಪತ್ರಾಗಳನ್ನು ಅಂಗಡಿಯ ಮುಂದಿನ ಗೋಡೆಗೆ ಒರಗಿಸಿ ಹೋದರು. ಬೂದಿ ಬಣ್ಣದ ಅಲೆ ಅಲೆಯ ರಾಶಿ. ಬಾಗಿಲು ಅರ್ಧ ಮುಚ್ಚಿಹೋಗಿ, ನಾವೂ ಗಿರಾಕಿಗಳೂ ಓರೆಯಾಗಿ ನುಸುಳಿ ಒಳಗೆ ಹೋಗುವಂತಾಯಿತು. ಒಂದು ಪತ್ರಾದ ಮೂಲೆ ಮುರಿದಿತ್ತು. ಮುರಿದ ಅಂಚಿನಲ್ಲಿ ಕೂದಲಿನಂಥ ಎಳೆಗಳು ಹೊರಗೆ ಚಾಚಿದ್ದವು. ಹೆಬ್ಬೆರಳಿನಿಂದ ಸವರಿದೆ. ಬಿಸಿಲಿನಲ್ಲಿ ಏನೋ ಮಿನುಗಿ ಮೇಲಕ್ಕೆ ಹೋಯಿತು.

ಎಳೆ ಹಾರುವುದೆಂದರೆ ಏನೆಂದು ನನಗೆ ಗೊತ್ತು. ನನ್ನ ಅಪ್ಪ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದ. ಬಿಲ್ಲಿನ ಟಂಯ್ ಟಂಯ್ ಸದ್ದಿನ ನಡುವೆ ಬೆಳ್ಳಗಿನ ಮಂಜಿನಂತೆ ಹತ್ತಿ ಏಳುತ್ತಿತ್ತು, ಅವನು ಅದರ ನಡುವೆ ಕುಳಿತಿರುತ್ತಿದ್ದ. ಮುಖಕ್ಕೆ ಬಟ್ಟೆ ಕಟ್ಟಿದವನಲ್ಲ. ಕೊನೆಕೊನೆಗೆ ನಾಲ್ಕು ಮಾತಿಗೆ ಒಮ್ಮೆ ಕೆಮ್ಮು, ಆಮೇಲೆ ಮಾತಿಲ್ಲದೆ ಬರೀ ಕೆಮ್ಮು. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದ. ಊರ ತುಂಬ ಮಂದಿಗೆ ಗಾದಿ ಹೊಲಿದವನಿಗೆ ಗಾದಿಯ ಮೇಲೆ ಬೆನ್ನು ಚಾಚಲಾಗಲಿಲ್ಲ.

ಆ ರಾಶಿಗೆ ನೀರು ಚಿಮುಕಿಸಿ, ತಾಡಪತ್ರಿ ಮುಚ್ಚಿ, ಘಾಟ್ಕೋಪರ್‌ಗೆ ಹೊರಟೆ. ಅಂಧೇರಿಯಲ್ಲಿ ಇಳಿದು ಮೆಟ್ರೋ ಹತ್ತಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. 'ಬೀಗರ, ನಿಮ್ಮ ಮನಸು ದೊಡ್ಡದು, ಆದರ ಪತ್ರಾ ನಮಗ ಬ್ಯಾಡ.' ಪಕ್ಕದಲ್ಲಿ ಕುಳಿತವನು ನನ್ನ ತುಟಿ ನೋಡಿ ಸ್ವಲ್ಪ ಸರಿದು ಕುಳಿತ. ಸರಿಯಲಿ.

ಬಾಗಿಲು ತೆರೆದವರು ಬೀಗತಿ. "ಅಜ್ಜ ಬಂದ, ಅಜ್ಜ ಬಂದ," ಎನ್ನುತ್ತ, ನಾನು ಕುಳಿತುಕೊಳ್ಳುವಷ್ಟರಲ್ಲಿ ಕೂಸನ್ನು ತೊಡೆಗೆ ಹಾಕಿದರು. ಎಣ್ಣೆ, ಬಜೆ, ಲೋಬಾನದ ಹೊಗೆ, ಎಲ್ಲ ಕೂಡಿದ ಅದರ ವಾಸನೆ ಮೂಗಿಗೆ ಬಂತು. ಬಾಯಿಪಾಠ ಹಾರಿಹೋಯಿತು.

"ಪತ್ರಾ ಮುಟ್ಟಿದವಲ್ಲ? ಏರಸೂದು ಯಾವಾಗ?" ಬೀಗರು ಕೇಳಿದರು.

"ನೋಡೂನು..."

"ನೋಡೂದೇನೈತಿ? ಕೂಸಿನ ಎದುರ ಆದ ಮಾತು. ನನ್ನ ಮಂದೀನ ಕಳಸ್ತೀನಿ, ಎರಡ ದಿನದ ಕೆಲಸ."

ಕೂಸು ನನ್ನ ಕಿರುಬೆರಳು ಹಿಡಿದಿತ್ತು. ನಾನು ಹೂಂ ಅನ್ನಲಿಲ್ಲ, ಒಲ್ಲೆ ಅನ್ನಲೂ ಇಲ್ಲ. ಚಹಾ ಕುಡಿದು, ಚುರುಮುರಿ ಸೂಸಲಾ ತಿಂದು, ಕೂಸಿನ ಹಣೆ ಮೂಸಿ ಎದ್ದು ಬಂದೆ.

ಫೋನಿನಲ್ಲಿ ಹೇಳಿಬಿಡು ಎಂದ ಮಗ. ಹಾಗೇ ಮಾಡಿದೆ. ಬೀಗರು ಎತ್ತಿದವರೇ, "ತಡೀರಿ, ತಡೀರಿ, ಮಾರಿ ತೋರಸ್ತೀನಿ," ಎಂದು ವಿಡಿಯೋ ಹಚ್ಚಿ ಕೂಸನ್ನೇ ಮುಂದೆ ಹಿಡಿದರು. ಗಾಜಿನೊಳಗಿದ್ದ ಕೂಸಿಗೆ ರೂಢಿ ಹತ್ತುತ್ತದೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಯಾರನ್ನು ಕೇಳುವುದು? ನನ್ನ ಕಣ್ಣಿಗೆ ಅದು ತೊಡೆಯ ಮೇಲಿದ್ದಷ್ಟೇ ಹತ್ತಿರ ಇತ್ತು. "ನಕ್ಕಳು, ನಕ್ಕಳು," ಎಂದು ನಾನೂ ನಗುತ್ತ ಫೋನು ಇಟ್ಟೆ. ಮಗ ಹಣೆ ಬಡಿದುಕೊಂಡ.

ಕೆಲಸದವನು ಬೇರೆ ಅವಸರ ಮಾಡತೊಡಗಿದ. ಮಳೆಗಾಲ ಹತ್ತಿರ ಬಂತೆಂದರೆ ದಹಿಸರ್‌ನ ಎಲ್ಲ ಅಂಗಡಿಗಳವರೂ ಅವನ ಬೆನ್ನು ಹತ್ತುತ್ತಾರೆ. ಈಗ ಹೇಳಿದರೆ ಉಂಟು, ಇಲ್ಲವಾದರೆ ದೀಪಾವಳಿಗೆ ಬಾ ಅಂದ. ಅತ್ತ ಸೊಸೆಯನ್ನು ಕಳಿಸುವ ದಿನವನ್ನು ಬೀಗತಿ ಗೊತ್ತು ಮಾಡಿಯಾಗಿತ್ತು. ತಲೆಯ ಮೇಲೆ ಹಳೆಯ ಜರಡಿ, ಬಾಗಿಲಲ್ಲಿ ಹೊಸ ರಾಶಿ. ಅಂಗಡಿಯಲ್ಲಿ ಕುಳಿತರೆ ನನಗೇ ಉಸಿರು ಹಿಡಿಯುತ್ತಿತ್ತು. ಬೀಗರ ಮನಸ್ಸು ಮುರಿದರೆ ಸೊಸೆಗೆ ತವರು ಬೇರೆಯಾಗುತ್ತದೆ, ಮುರಿಯದಿದ್ದರೆ ಕೂಸು ಆ ಪತ್ರಾದ ಕೆಳಗೆ ಮಲಗುತ್ತದೆ. ಇದರಲ್ಲಿ ಯಾವುದನ್ನು ಆರಿಸುವುದು?

"ನಾ ಬರ್ತೀನಿ," ಅಂದಳು ಹೆಂಡತಿ. "ನಾ ಕೂಸಿನ್ನ ಎತ್ಕೊಂಡು ಒಳಗ ಹೋಗ್ತೀನಿ. ನೀವು ಹೊರಗ ಕುಂತು ಹೇಳ್ರಿ. ಅಷ್ಟರ ಆಗತೈತೊ ಇಲ್ಲೊ?"

ಆಗುವಂತೆಯೇ ಇತ್ತು. ಇಬ್ಬರೂ ಘಾಟ್ಕೋಪರ್‌ಗೆ ಹೋದೆವು. ಹೆಂಡತಿ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಗಂಟಲು ಸರಿ ಮಾಡಿಕೊಂಡು, "ಬೀಗರ, ಆ ಪತ್ರಾ..." ಎಂದೆ. ಬೀಗರ ಮುಖ ಅರಳಿತು. ನಾನು ಆ ಪತ್ರಾದ ಕಥೆ ಕೇಳುತ್ತಿದ್ದೇನೆ ಎಂದುಕೊಂಡರು.

"ನಾ ಊರಿಂದ ಬಂದ ಮೊದಲನೇ ವರ್ಷ ಪರೇಲದ ಆ ಗೋದಾಮಿನ್ಯಾಗ ಮೂಟಿ ಹೊತ್ತೀನಿ. ಮಲಗೂದೂ ಅಲ್ಲೇ. ಹಮಾಲರ ಮುಕಾದಮ ಒಳ್ಳ್ಯಾಂವ, ಹೊರಗ ಹಾಕಲಿಲ್ಲ. ಮಳಿ ಸುರೀತಿತ್ತು, ನಾ ಅಂಗಾತ ಬಿದ್ದು ಮ್ಯಾಲ ನೋಡತಿದ್ದೆ. ಒಂದ ಹನಿ ಬಿದ್ದಿಲ್ಲ ಮೈಮ್ಯಾಲ, ಅಲ್ಲಾಹನ ಆಣಿ. ಮುಂಬೈದಾಗ ನನಗ ಮೊದಲ ಆಸರಾ ಅದ. ಅದನ್ನ ಕೆಡವ್ತಾರ ಅಂದಾಗ ನಾನ ಹೋಗಿ ಕೊಂಡೆ. ಗಿರಾಕಿ ಬಂದ್ರು, ಹೆಚ್ಚಿಗಿ ಕೊಡ್ತೀನಿ ಅಂದ್ರು. ಕೊಡಲಿಲ್ಲ. ಯಾತಕ್ಕ ಇಟ್ಟಿದ್ನೊ ನನಗೂ ಗೊತ್ತಿರಲಿಲ್ಲ. ಕೂಸ ಹುಟ್ಟಿದ ದಿನ ಗೊತ್ತಾತು."

ಇಷ್ಟು ಹೇಳಿ ನಕ್ಕರು, ಕೆಮ್ಮಿದರು. ನಾನು ನನ್ನ ಕಾಲಿನ ಬೆರಳು ನೋಡುತ್ತ ಕುಳಿತೆ. ಇದಕ್ಕಿಂತ ಅವರು ನನಗೆ ಹೊಡೆದಿದ್ದರೆ ಸುಲಭವಾಗುತ್ತಿತ್ತು. ಒಳಗೆ ಹೋದ ಹೆಂಡತಿ ಎರೆದ ಕೂಸಿಗೆ ಹೊಗೆ ಹಿಡಿಯುತ್ತ ಬಂದ ಕೆಲಸವನ್ನೇ ಮರೆತಿದ್ದಳು. ಆಮೇಲೆ ಚೀರಾಡುತ್ತಿದ್ದ ಕೂಸನ್ನು ಬೀಗತಿ ಹೊರಗೆ ತಂದರು, ಅದು ನನ್ನ ತೊಡೆಗೆ ಬಂದು ಸುಮ್ಮನಾಯಿತು. ಅದು ಸುಮ್ಮನಾದದ್ದು ನನ್ನ ಬಳಿ! ಬೀಗತಿಯ ಬಳಿ ಅಲ್ಲ, ನನ್ನ ಬಳಿ! ಆ ಹಿಗ್ಗಿನಲ್ಲಿ ನಾನು ಸೋತದ್ದೂ ಮರೆತುಹೋಯಿತು.

ಹೊರಡುವಾಗ ಸೊಸೆ ಡಬ್ಬಿ ಕೊಡುವ ನೆಪದಲ್ಲಿ ಮೆಟ್ಟಿಲವರೆಗೆ ಬಂದಳು.

"ಮಾವಾ, ನೀವು ಏನೋ ಹೇಳಾಕ ಬರ್ತೀರಿ, ಹೇಳದ ಹೋಗ್ತೀರಿ. ಪತ್ರಾದ ಮಾತಲ್ಲ? ನಮ್ಮನಿಯವರು ನನಗ ಎಲ್ಲಾ ಹೇಳ್ಯಾರ."

ನಾನು ಡಬ್ಬಿಯ ಮುಚ್ಚಳ ಒತ್ತಿದೆ, ಮೊದಲೇ ಮುಚ್ಚಿದ್ದನ್ನು.

"ನಾ ಹೇಳಲೇನು ಅಬ್ಬಾಗ?"

"ನೀ ಹೇಳಬ್ಯಾಡ. ಮಗಳು ಆದಾಕಿ ಅಪ್ಪನ ಕೊಡುಗಿ ಒಲ್ಲೆ ಅಂದ್ರ, ಗಂಡನ ಮನೀಯವರು ಕಲಿಸಿ ಕಳಿಸ್ಯಾರ ಅಂತಾರ ಮಂದಿ. ನಿನಗ ಎರಡೂ ಮನಿ ಬೇಕು."

"ಹಂಗಾರ ನೀವು ಹೇಳ್ರಿ. ನಾ ಕೂಸಿನ್ನ ಕರ್ಕೊಂಡು ಬರೂದಂತೂ ಖರೇ. ಆದರ ಆ ಪತ್ರಾದ ಕೆಳಗ ತರಂಗಿಲ್ಲ ಮಾವಾ. ಸಿಟ್ಟಾಗಬ್ಯಾಡ್ರಿ."

ನನಗೆ ಸಿಟ್ಟು ಬರಲಿಲ್ಲ. ಇವಳು ತಾಯಿ ಎಂದು ಎದೆ ತುಂಬಿತು. ಜೊತೆಗೆ, ಇನ್ನು ನನಗೆ ಹಿಂದೆ ಸರಿಯಲು ಜಾಗ ಉಳಿದಿಲ್ಲವೆಂಬುದೂ ತಿಳಿಯಿತು.

ಮುಂದಿನ ಸಲ ಒಬ್ಬನೇ ಹೋದೆ. ಬಾಗಿಲು ತೆರೆದೇ ಇತ್ತು. ಈ ಸಲ ಕೂಸನ್ನು ಎತ್ತಿಕೊಂಡು ಎದುರು ಬಂದವರು ಬೀಗರೇ. "ತೊಗೊಳ್ರಿ ನಿಮ್ಮ ಮಾಲು," ಎಂದು ಚಾಚಿದರು. ಕೂಸು ನನ್ನನ್ನು ನೋಡಿತು. ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಿತು. ನಿದ್ದೆಯಲ್ಲಿ ನಗುವ ನಗು ಬೇರೆ, ಇದು ನನ್ನ ಮುಖ ಗುರುತು ಹಿಡಿದು ನಕ್ಕ ನಗು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಹೊಸ್ತಿಲ ಹೊರಗೇ ನಿಂತೆ. ಆ ಕೈಗಳನ್ನು ಹಿಂದೆ ಹಿಡಿದಿಡಲು ಪಟ್ಟ ಪಾಡು ನನ್ನ ಆಯುಷ್ಯದಲ್ಲಿ ಯಾವ ಮೂಟೆ ಹೊರುವಾಗಲೂ ಪಟ್ಟಿಲ್ಲ.

"ಬೀಗರ, ಕೂಸಿನ್ನ ಒಳಗ ಕೊಟ್ಟು ಬರ್ರಿ. ಒಂದ ಮಾತೈತಿ."

ಅವರ ಮುಖ ಇಳಿಯಿತು. ಅವರಿಗೂ ರೂಢಿ ಗೊತ್ತಲ್ಲ. ಕೂಸನ್ನು ಒಳಗೆ ಕೊಟ್ಟು ಬಂದರು.

"ಪತ್ರಾ ನಾ ಒಲ್ಲೆ," ಅಂದೆ.

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. "ಯಾಕ? ಹಳೇದಂತೇನು? ಭಂಗಾರದಾಂವ ಭಂಗಾರ ಕೊಟ್ಟ ಅಂತೇನು?"

ಹತ್ತಿರದ ಮನೆಯವರು ಇಣುಕಿದರು. ನಾನು ದನಿ ತಗ್ಗಿಸಿ ನನ್ನ ಅಪ್ಪನ ಮಾತು ಹೇಳಿದೆ. ಗೋಡೆಗೆ ಒರಗಿ ಮಲಗುತ್ತಿದ್ದುದು, ಗಾದಿಯ ಮೇಲೆ ಬೆನ್ನು ಚಾಚಲಾಗದ್ದು. ಮುರಿದ ಪತ್ರಾದ ಅಂಚಿನ ಎಳೆಗಳ ಮಾತು ಹೇಳಿದೆ. "ಹತ್ತಿ ಎಳಿ ಹಂಗ ಮಾಡ್ತು. ಇದು ಹತ್ತಿಗಿಂತ ಸಣ್ಣದು ಬೀಗರ. ಕೂಸಿನ ಎದಿ ಎಷ್ಟ ಅಗಲ ಐತಿ ಹೇಳ್ರಿ?" ಎಂದು ಬೊಗಸೆ ತೋರಿಸಿದೆ.

ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಅವರು ನನ್ನ ಬೊಗಸೆಯನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ಅಂಗೈ ನೋಡಿಕೊಂಡರು.

"ಅದನ್ನ ಕೊರದಾಂವ ನಾ," ಅಂದರು. "ಒಡದಾಂವ ನಾ. ಹೊತ್ತಾಂವ ನಾ. ಇಷ್ಟ ವರ್ಷ. ಹಂಗಾರ ನಂದೇನು ಬೀಗರ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬರೀ ಕೂಸಿನ ಎದೆಯನ್ನು ನೋಡುತ್ತ ಬಂದವನು, ನನ್ನ ಎದುರಿಗೆ ನಿಂತವರ ಎದೆಯೊಳಗೆ ಕೈ ಹಾಕಿಬಿಟ್ಟಿದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು ನನ್ನ ಪಕ್ಕದಿಂದಲೇ ಇಳಿದು ತಮ್ಮ ಮಾಲಿನ ಅಡ್ಡೆಯ ಕಡೆ ಹೋದರು. ಒಳಗೆ ಕೂಸು ಅಳುತ್ತಿತ್ತು. ಎತ್ತಿಕೊಳ್ಳದೆಯೇ ನಾನು ಸ್ಟೇಶನ್‌ಗೆ ಬಂದೆ.

ಮರುದಿನ ಟೆಂಪೋ ಬಂತು. ಜೊತೆಗೆ ಬೀಗರೇ ಬಂದಿದ್ದರು. ಆಳುಗಳಿಗೆಲ್ಲ ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಸಿದ್ದರು, ತಾವೂ ಕಟ್ಟಿದ್ದರು. ಬಕೆಟ್ಟಿನಿಂದ ನೀರು ಎರಚಿ ಎರಚಿ ಒಂದೊಂದೇ ಪತ್ರಾ ಎತ್ತಿಸಿದರು. "ಸಾವಕಾಶ! ಒಂದ ಒಡದ್ರೂ ನೋಡ್ರಿ ಮತ್ತ!" ಎಂದು ಕೂಗುವಾಗ ಮಾತ್ರ ಅವರ ಹಳೆಯ ದನಿ ಕೇಳಿತು. ನಾನು ಚಹಾ ತರಿಸಿದೆ. ಕುಡಿಯಲಿಲ್ಲ. "ಬಾಯಿಗೆ ಬಟ್ಟಿ ಐತಿ," ಅಂದರು. ಅದೂ ನಿಜವೇ.

ಜೋಡಿ ಪತ್ರಾ ಏರಿತು. ಮೊದಲ ಮಳೆಗೆ ಮುಂಚೆ ಸೊಸೆ, ಕೂಸು, ಬೀಗತಿ ಟ್ಯಾಕ್ಸಿಯಲ್ಲಿ ಬಂದು ಇಳಿದರು. ಅಂಗಡಿಯನ್ನು ತೊಳೆದು, ಹಿಂಜುವ ಮಷೀನಿಗೆ ಅಡ್ಡಗೋಡೆ ಹಾಕಿಸಿ, ಹೊಸ ಹತ್ತಿಯಲ್ಲಿ ತೊಟ್ಟಿಲಷ್ಟೇ ಉದ್ದದ ಒಂದು ಗಾದಿ ನಾನೇ ಹೊಲಿದಿದ್ದೆ. ನಲವತ್ತು ವರ್ಷದ ಕಸುಬಿನಲ್ಲಿ ಅಷ್ಟು ಸಣ್ಣ ಗಾದಿಗೆ ಅಷ್ಟು ಹೊತ್ತು ಹಿಡಿದದ್ದು ಅದೊಂದೇ. ಮಟಮಟ ಮಧ್ಯಾಹ್ನ ಕೂಸು ಅದರ ಮೇಲೆ ಕೈಕಾಲು ಚೆಲ್ಲಿ ನಿದ್ದೆ ಮಾಡಿತು. ಕತ್ತು ಮುಟ್ಟಿ ನೋಡಿದೆ, ಬೆವರಿಲ್ಲ. ಗಿರಾಕಿ ಬಂದರೆ ಪಿಸುಗುಟ್ಟುವಂತೆ ಸನ್ನೆ ಮಾಡಿದೆ. ಹೆಂಡತಿ, "ಅಂಗಡಿ ಮುಚ್ಚಿಬಿಡ್ರಿ ಒಮ್ಮಿಗೆ," ಅಂದಳು. ನನಗಿದ್ದ ಹಿಗ್ಗಿಗೆ ಮುಚ್ಚಿದ್ದರೂ ಮುಚ್ಚುತ್ತಿದ್ದೆ.

ಬೀಗರು ಬಂದಿರಲಿಲ್ಲ.

ಬೀಗತಿ ಹೊರಡುವ ಮುನ್ನ ಗಾದಿಯ ಅಟ್ಟಿಯ ಬದಿಗೆ ನಿಂತು ಹೇಳಿದರು, "ಅವರು ಈಗ ನಗೂದ ಇಲ್ಲ. ನಕ್ಕರ ಕೆಮ್ಮ ಬರತೈತಿ ಅಂತ. ಮೊದಲೂ ಕೆಮ್ಮ ಇತ್ತು, ಎಣಸತಿದ್ದಿಲ್ಲ. ಈಗ ಒಂದೊಂದೂ ಕೇಳ್ತಾರ. ದವಾಖಾನಿಗೆ ನಡೀರಿ ಅಂದ್ರ ಒಲ್ಲೆ ಅಂತಾರ. ನೀವು ಏನರ ಹೇಳ್ರಿ."

ನಾನೇ? ಇದನ್ನು ಅವರ ತಲೆಯಲ್ಲಿ ಹಾಕಿದವನು ನಾನು. ತೊಟ್ಟಿಲ ಬದಿಯಲ್ಲಿ ಕುಳಿತರೆ ಕೂಸಿನ ಉಸಿರು ಕೇಳುತ್ತದೆ, ಜೊತೆಗೆ 'ಹಂಗಾರ ನಂದೇನು' ಎಂಬ ಬೀಗರ ಮಾತೂ ಕೇಳುತ್ತದೆ. ತಂಪು ಛಾವಣಿಯ ಕೆಳಗೆ ಕುಳಿತು ನಾನು ಮತ್ತೆ ಇಕ್ಕಟ್ಟಿಗೆ ಸಿಕ್ಕಿದ್ದೆ. ಈ ಸಲ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ಎತ್ತಿದರು.

"ಏನ್ರಿ? ಈಗ ಏನ ಒಲ್ಲೆ ಅನ್ನಾವರಿದ್ದೀರಿ?"

"ಪರೇಲದ ದವಾಖಾನಿಗೆ ಬರ್ತೀರೇನು? ಎದಿ ಫೋಟೋ ತಗಸೂನು."

"ನನಗೇನಾಗಿಲ್ಲ."

"ನಿಮ್ಮದ ಯಾರು ಕೇಳ್ಯಾರ? ನಾ ತಗಸಾಂವ. ಸಣ್ಣಾಂವ ಇದ್ದಾಗಿಂದ ಹತ್ತಿ ಕುಡದೀನಿ. ಒಬ್ಬನ ಹೋಗಾಕ ಅಂಜಿಕಿ ಬರತೈತಿ. ಮಗ ಬಂದ್ರ ಬಯ್ತಾನ."

ಸುಳ್ಳಲ್ಲ. ಆ ಮಾತು ಬಾಯಿಂದ ಹೊರಗೆ ಬಂದ ಮೇಲೆ ಅಂಜಿಕೆ ನನಗೆ ನಿಜವಾಗಿಯೂ ಬಂತು.

"ಸ್ಟೇಶನ್‌ದ ಹೊರಗ ನಿಂದ್ರತೀನಿ," ಅಂದರು.

ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುವೆಗೆ ಬಂದವರ ಹಾಗೆ. ದಾರಿಯಲ್ಲಿ ಗೋದಾಮು ಇದ್ದ ಜಾಗ ತೋರಿಸಲು ಹೋದರು. ಈ ಮಳೆಯಲ್ಲಿ ಅದು ಯಾವುದೆಂದು ಅವರಿಗೇ ಗುರುತು ಹತ್ತಲಿಲ್ಲ, ಎಲ್ಲಾ ಗಾಜಿನ ಕಟ್ಟಡಗಳು. ದವಾಖಾನೆಯಲ್ಲಿ ಉದ್ದ ಸಾಲು. ಬೆಂಚಿನ ಮೇಲೆ ಒತ್ತೊತ್ತಿ ಕುಳಿತೆವು. ನಾನು ಫೋನಿನಲ್ಲಿ ಕೂಸಿನ ಚಿತ್ರ ತೆಗೆದು ಅವರ ಕೈಗೆ ಕೊಟ್ಟೆ. ಬೆರಳಿನಿಂದ ಅಗಲ ಮಾಡಿ, ಮೊದಲು ಕೂಸನ್ನೂ ಆಮೇಲೆ ಮೇಲಿನ ತಗಡನ್ನೂ ನೋಡಿದರು.

"ಮಧ್ಯಾಹ್ನ ನಿದ್ದಿ ಮಾಡತೈತೇನು?"

"ಮಾಡತೈತಿ."

"ಬೆವರೂದಿಲ್ಲ?"

"ಇಲ್ಲ."

"ಜೋಡ ಚಲೋ ಬಂದೈತಿ," ಅಂದರು. ಆಮೇಲೆ ಸ್ವಲ್ಪ ತಡೆದು, "ನೀರ ಹೋಗೂ ಪನ್ನಾಳಿ ಸಣ್ಣದಾತು. ಈ ಮಳಿ ತಡ್ಯಂಗಿಲ್ಲ. ನನ್ನ ಕಡೆ ದೊಡ್ಡದೈತಿ, ಹೊಸಾದು. ಬೇಕಾರ ಹೇಳ್ರಿ, ಬ್ಯಾಡಾರ ಬಿಡ್ರಿ."

"ಬೇಕು," ಅಂದೆ.

ಒಳಗಿನಿಂದ ಕರೆ ಬಂತು. ಬೀಗರು ಎದ್ದು, ಅಂಗಿ ಬಿಚ್ಚಬೇಕೇನೋ ಎಂದು ಮೇಲಿನ ಗುಂಡಿಗೆ ಕೈ ಹಾಕಿದರು. ಬಾಗಿಲವರೆಗೆ ಹೋಗಿ ತಿರುಗಿ, "ನೀವೂ ಬರ್ರಿ," ಅಂದರು.